ಹಳೇ ವಿಂಡೋಸ್: ಇರಲೋ, ತೆಗೆಯಲೋ?

ಪ್ರಶ್ನೆ: ನನ್ನದು ವಿಂಡೋಸ್ 7. ಆಂಟಿವೈರಸ್ ಇದೆ, ಇದುವರೆಗೆ ಯಾವ ತೊಂದರೆಯೂ ಬಂದಿಲ್ಲ. ಬದಲಾಯಿಸಲೇಬೇಕೇ?

ಉತ್ತರ: ಇಂಟರ್ನೆಟ್ ಬಳಸುತ್ತಿದ್ದರೆ ಬದಲಾಯಿಸಲೇಬೇಕು. ವಿಂಡೋಸ್ 7ಕ್ಕೆ ಎಲ್ಲರಿಗೂ ಸಿಗುತ್ತಿದ್ದ ಸೆಕ್ಯುರಿಟಿ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತುಹೋಯಿತು. ಆಮೇಲೆ ಪತ್ತೆಯಾದ ಲೋಪಗಳನ್ನು ನಿಮ್ಮ ಕಂಪ್ಯೂಟರಿನಲ್ಲಿ ಯಾರೂ ಮುಚ್ಚಿಲ್ಲ. ಹೊಸ ವಿಂಡೋಸ್‌ಗೆ ಬರುವ ಪ್ಯಾಚ್ (ಲೋಪ ಮುಚ್ಚುವ ತಿದ್ದುಪಡಿ) ಬಿಡಿಸಿ ನೋಡಿದರೆ ತಪ್ಪು ಎಲ್ಲಿತ್ತು ಎಂದು ತಿಳಿದವರಿಗೆ ಗೊತ್ತಾಗುತ್ತದೆ. ಅದೇ ಕೋಡ್ ಹಳೆಯದರಲ್ಲೂ ಇದ್ದರೆ ಒಳಗೆ ನುಗ್ಗಲು ದಾರಿ ಸಿಕ್ಕಂತೆಯೇ.

ಆಂಟಿವೈರಸ್ ಮುಖ್ಯವಾಗಿ ಫೈಲುಗಳ ಮೇಲೆ ಕಣ್ಣಿಡುತ್ತದೆ, ಸಿಸ್ಟಂನ ತೂತು ಮುಚ್ಚುವುದಿಲ್ಲ. 2017ರ ಮೇ ತಿಂಗಳಲ್ಲಿ ಹಬ್ಬಿದ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಯಾರೂ ಏನನ್ನೂ ಕ್ಲಿಕ್ ಮಾಡದೆ, ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳುವ ಹಳೇ ವಿಧಾನವಾದ ಎಸ್‌ಎಂಬಿ 1 ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಿಯಿತು. ಅದಕ್ಕೆ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು, ಅವರಲ್ಲಿ ಹೆಚ್ಚಿನವರದು ವಿಂಡೋಸ್ 7. ಇನ್ನು ‘ತೊಂದರೆ ಬಂದಿಲ್ಲ’ ಅನ್ನುವ ಮಾತು: ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ತಾನು ಬಂದಿದ್ದೇನೆ ಎಂದು ಹೇಳಿಕೊಳ್ಳುವುದಿಲ್ಲ.

ಬ್ರೌಸರ್‌ಗಳೂ ಕೈಬಿಟ್ಟಿವೆ. ಕ್ರೋಮ್ 109ಕ್ಕೆ ನಿಂತಿದೆ, ಫೈರ್‌ಫಾಕ್ಸ್‌ಗೆ 115 ಇಎಸ್‌ಆರ್ (ದೀರ್ಘಾವಧಿ ಬೆಂಬಲದ ಆವೃತ್ತಿ) ಕೊನೆಯದು. ಬದಲಾಯಿಸುವವರೆಗೆ ಅಡ್ಮಿನ್ ಅಲ್ಲದ ಸ್ಟ್ಯಾಂಡರ್ಡ್ ಖಾತೆಯಲ್ಲಿ ಕೆಲಸ ಮಾಡಿ, ರಿಮೋಟ್ ಡೆಸ್ಕ್‌ಟಾಪ್ (ದೂರದಿಂದ ಕಂಪ್ಯೂಟರ್ ನಡೆಸುವ ಸೌಲಭ್ಯ) ಮತ್ತು ಎಸ್‌ಎಂಬಿ 1 ಎರಡನ್ನೂ ಆಫ್ ಮಾಡಿ. ಬ್ಯಾಂಕಿನ ವ್ಯವಹಾರವಂತೂ ಅದರಲ್ಲಿ ಬೇಡವೇ ಬೇಡ.

ಪ್ರಶ್ನೆ: ವಿಂಡೋಸ್ 10 ಇರುವ ಕಂಪ್ಯೂಟರ್ 11ಕ್ಕೆ ಅರ್ಹವಲ್ಲ ಎಂದು ತೋರಿಸುತ್ತದೆ. ಎಸೆಯಬೇಕೇ?

ಉತ್ತರ: ಆತುರ ಬೇಡ. 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದರೂ, ಇಎಸ್‌ಯು (ಹೆಚ್ಚುವರಿ ಅವಧಿಯ ಸೆಕ್ಯುರಿಟಿ ಅಪ್‌ಡೇಟ್) ಯೋಜನೆಗೆ ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಪ್ಯಾಚ್ ಸಿಗುವ ಏರ್ಪಾಡು ಮೈಕ್ರೋಸಾಫ್ಟ್ ಮಾಡಿತು. ಆವೃತ್ತಿ 22ಎಚ್2 ಆಗಿರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಇರುತ್ತದೆ.

‘ಅರ್ಹವಲ್ಲ’ ಎಂದ ಮಾತ್ರಕ್ಕೆ ನಂಬಬೇಡಿ. ವಿಂಡೋಸ್ 11 ಕೇಳುವ ಭದ್ರತಾ ಅಂಗ ಟಿಪಿಎಂ 2.0 ಎಷ್ಟೋ ಕಂಪ್ಯೂಟರುಗಳಲ್ಲಿ ಇದ್ದೂ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ, ಮದರ್‌ಬೋರ್ಡಿನ ಸೆಟ್ಟಿಂಗ್ ಇರುವ ಪ್ರೋಗ್ರಾಂ) ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡುವ ಮುನ್ನ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯೇ ನೋಡಿ, ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಮುಂದಿನ ಬೂಟ್‌ನಲ್ಲಿ ಅದು 48 ಅಂಕೆಗಳ ಕೀ ಕೇಳಿ ಅಲ್ಲೇ ಕೂರಬಹುದು. ಪ್ರೊಸೆಸರ್ ಇಂಟೆಲ್‌ನ ಏಳನೇ ಪೀಳಿಗೆಯದೋ ಅದಕ್ಕಿಂತ ಹಳೆಯದೋ ಆಗಿದ್ದರೆ, ಬೆರಳೆಣಿಕೆಯ ಮಾದರಿಗಳನ್ನು ಬಿಟ್ಟು ಉಳಿದವಕ್ಕೆ ದಾರಿಯಿಲ್ಲ. ತಪಾಸಣೆ ತಪ್ಪಿಸಿ 11 ಹಾಕುವ ಉಪಾಯಗಳಿವೆ, ಆದರೆ ಅಂಥ ಕಂಪ್ಯೂಟರಿಗೆ ಅಪ್‌ಡೇಟ್ ಬರುತ್ತಲೇ ಇರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ನಾವು ಶಿಫಾರಸು ಮಾಡುವುದಿಲ್ಲ.

ಪ್ರಶ್ನೆ: ನಮ್ಮ ಕಟಿಂಗ್ ಮೆಷಿನ್ನಿನ ಕಂಟ್ರೋಲ್ ಕಾರ್ಡ್‌ಗೆ ವಿಂಡೋಸ್ ಎಕ್ಸ್‌ಪಿಯ ಡ್ರೈವರ್ ಮಾತ್ರ ಇದೆ. ಅದನ್ನೂ ತೆಗೆಯಬೇಕೇ?

ಉತ್ತರ: ಬೇಡ, ಇರಲಿ. ನೆಟ್‌ವರ್ಕ್ ಕೇಬಲ್ ಮಾತ್ರ ಕಿತ್ತುಬಿಡಿ, ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರನ್ನೂ ಡಿಸೇಬಲ್ ಮಾಡಿ. ಕೇಬಲ್ ಕಿತ್ತರಷ್ಟೇ ಸಾಲದು, ನಾಳೆ ಯಾರಾದರೂ ಬಂದು ಸಿಕ್ಕಿಸಿಬಿಡುತ್ತಾರೆ. ಫೈಲ್ ಸಾಗಿಸಲು ಒಂದೇ ಒಂದು ಪೆನ್‌ಡ್ರೈವ್ ಮೀಸಲಿಡಿ, ಪ್ರತಿ ಸಲ ಹೊಸ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿ ತನ್ನಿ. ಎಕ್ಸ್‌ಪಿಯಲ್ಲಿ ಆಟೋರನ್ (ಪೆನ್‌ಡ್ರೈವ್ ಸಿಕ್ಕಿಸಿದೊಡನೆ ಪ್ರೋಗ್ರಾಂ ತಾನೇ ಓಡುವುದು) ನಿಲ್ಲಿಸಿರಿ.

ಇಂಥ ಕಡೆ ವೈರಸ್‌ಗಿಂತ ಹೆಚ್ಚಾಗಿ ಕೈಕೊಡುವುದು ಹಾರ್ಡ್‌ಡಿಸ್ಕ್. ಅದು ಚೆನ್ನಾಗಿರುವಾಗಲೇ ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾ ಪ್ರೋಗ್ರಾಂನಿಂದ ಅಷ್ಟೇ ಅಥವಾ ಹೆಚ್ಚು ಗಾತ್ರದ ಇನ್ನೊಂದು ಡಿಸ್ಕ್‌ಗೆ ಪೂರ್ತಿ ಪ್ರತಿ ತೆಗೆಯಿರಿ. ತೆಗೆದ ಪ್ರತಿಯನ್ನು ಹಾಕಿ ಒಮ್ಮೆ ಬೂಟ್ ಮಾಡಿ ನೋಡಿ, ಆಮೇಲೆ ಎತ್ತಿಡಿ. ಎಸ್‌ಎಸ್‌ಡಿಗೆ ಪ್ರತಿ ಮಾಡುವುದಾದರೆ ಒಂದು ತೊಡಕಿದೆ: ಎಕ್ಸ್‌ಪಿ ತನ್ನ ಮೊದಲ ಪಾರ್ಟಿಷನ್ನನ್ನು (ಡಿಸ್ಕಿನ ವಿಭಾಗ) 63ನೇ ಸೆಕ್ಟರಿನಿಂದ (ಡಿಸ್ಕಿನ ಸಣ್ಣ ತುಣುಕು) ಶುರುಮಾಡುತ್ತದೆ, ಅದು ಎಸ್‌ಎಸ್‌ಡಿಯ 4 ಕೆಬಿ ಗಡಿಗೆ ಹೊಂದುವುದಿಲ್ಲ, ಬರೆಯುವ ವೇಗ ಕುಸಿಯುತ್ತದೆ. ಪಾರ್ಟಿಷನ್ ಬದಲಿಸುವ ಜಿಪಾರ್ಟೆಡ್ ಪ್ರೋಗ್ರಾಂನಲ್ಲಿ ಅದನ್ನು 1 ಎಂಬಿ ಗಡಿಗೆ ಸರಿಸಿಕೊಳ್ಳಬೇಕು.

ಇನ್ನೊಂದು ಸಣ್ಣ ವಸ್ತು ಮದರ್‌ಬೋರ್ಡಿನ ಬಟನ್ ಸೆಲ್, ಸಿಆರ್2032. ಅದು ಸತ್ತರೆ ಗಡಿಯಾರ ಹಿಂದಕ್ಕೆ ಹೋಗುವುದಷ್ಟೇ ಅಲ್ಲ, ಬಯೋಸ್ ಸೆಟ್ಟಿಂಗ್ ಎಲ್ಲ ಮೊದಲಿನಂತಾಗುತ್ತವೆ. ಸಾಟಾ ಮೋಡ್ (ಡಿಸ್ಕ್ ಜತೆ ಕಂಪ್ಯೂಟರ್ ವ್ಯವಹರಿಸುವ ಬಗೆ) ಹಳೆಯ ಐಡಿಇಯಿಂದ ಹೊಸ ಎಎಚ್‌ಸಿಐಗೆ ತಿರುಗಿತೆಂದರೆ, ಎಎಚ್‌ಸಿಐ ಡ್ರೈವರ್ ಇಲ್ಲದ ಎಕ್ಸ್‌ಪಿ 7ಬಿ ಎಂದು ಕೊನೆಯಾಗುವ ನೀಲಿ ತೆರೆ ತೋರಿಸಿ ನಿಲ್ಲುತ್ತದೆ. ಡಿಸ್ಕ್ ಹೋಯಿತೆಂದು ತಿಳಿದು ಅದನ್ನು ಫಾರ್ಮ್ಯಾಟ್ ಮಾಡಿಸಿಬಿಡುವವರಿದ್ದಾರೆ. ಮೋಡನ್ನು ಐಡಿಇಗೆ ತಂದರೆ ಸಾಕು, ಹಿಂದಿನಂತೆಯೇ ಏಳುತ್ತದೆ. ಈಗಿನ ಬಯೋಸ್ ಪುಟಗಳ ಫೋಟೊ ತೆಗೆದು, ಪ್ರಿಂಟ್ ಹಾಕಿ ಮೆಷಿನ್ ಪಕ್ಕ ಅಂಟಿಸಿಡಿ.

ವರ್ಚುವಲ್ ಮೆಷಿನ್ (ಹೊಸ ಕಂಪ್ಯೂಟರಿನೊಳಗೆ ಪ್ರೋಗ್ರಾಂ ಆಗಿ ಎಕ್ಸ್‌ಪಿ ಓಡಿಸುವುದು) ನಿಮಗೆ ಒಗ್ಗುವುದಿಲ್ಲ. ಯುಎಸ್‌ಬಿ ಉಪಕರಣವಾಗಿದ್ದರೆ ಪ್ರಯತ್ನಿಸಬಹುದಿತ್ತು. ಮದರ್‌ಬೋರ್ಡಿಗೆ ಸಿಕ್ಕಿಸುವ ಪಿಸಿಐ ಕಾರ್ಡನ್ನು ಒಳಗಿನ ಎಕ್ಸ್‌ಪಿಗೆ ಒಪ್ಪಿಸುವುದು ದೊಡ್ಡ ತಲೆನೋವು, ಮೆಷಿನ್ನಿಗೆ ಬೇಕಾದ ಸಮಯದ ನಿಖರತೆಯೂ ಅಲ್ಲಿ ಸಿಗದು.

ಪ್ರಶ್ನೆ: 2 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಬಹುದೇ?

ಉತ್ತರ: ಪ್ರೊಸೆಸರ್ 64 ಬಿಟ್ ಆಗಿದ್ದರೆ ಲಿನಕ್ಸ್ ಮಿಂಟ್‌ನ ಹಗುರ ಎಕ್ಸ್‌ಎಫ್‌ಸಿಇ ಆವೃತ್ತಿ ಓಡುತ್ತದೆ, ಆದರೆ ಬ್ರೌಸರಿನಲ್ಲಿ ನಾಲ್ಕಾರು ಟ್ಯಾಬ್ ತೆರೆದರೆ ತಡವರಿಸುತ್ತದೆ. ಜಾಗವಿದ್ದರೆ ರ‍್ಯಾಮ್ 4 ಜಿಬಿಗೆ ಏರಿಸಿ. 32 ಬಿಟ್ ಆದರೆ ಆಯ್ಕೆ ಕಮ್ಮಿ: ಇನ್ನೊಂದು ಲಿನಕ್ಸ್ ಆದ ಡೆಬಿಯನ್ ಕೂಡ 13ನೇ ಆವೃತ್ತಿಯಿಂದ ಅದಕ್ಕೆ ಇನ್‌ಸ್ಟಾಲರ್ ಕೊಡುತ್ತಿಲ್ಲ. ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ವೈಫೈ, ಧ್ವನಿ, ಪ್ರಿಂಟರ್ ಮೂರನ್ನೂ ಪರೀಕ್ಷಿಸಿ. ಮುಚ್ಚಳ ಮುಚ್ಚಿ ತೆರೆದಾಗ ಸರಿಯಾಗಿ ಎಚ್ಚರವಾಗುತ್ತದೆಯೇ ಅನ್ನುವುದನ್ನೂ ನೋಡಿ, ಹಳೇ ಲ್ಯಾಪ್‌ಟಾಪುಗಳು ತಕರಾರು ತೆಗೆಯುವುದು ಹೆಚ್ಚಾಗಿ ಅಲ್ಲೇ.