ಬ್ಯಾಗಿಗೆ ದುಡ್ಡಿದೆ, ಲೆಕ್ಕ ಬರೆಯೋರಿಗೆ ಯಾಕಿಲ್ಲ?

ಪ್ರಿಯ ಅಕ್ಕ,

ನಿಮ್ಮ ಪತ್ರ ಓದಿ ಬೇಜಾರೂ ಆಯ್ತು, ಸಿಟ್ಟೂ ಬಂತು. ಉಳಿದ ಓದುಗರಿಗೆ ವಿಷ್ಯ ಹೇಳ್ಬಿಡ್ತೀನಿ. ಕೊಡಗಿನ ಪೊನ್ನಂಪೇಟೆ ಕಡೆ ಲೈನ್‌ಮನೆ (ಕಾಫಿ ತೋಟದ ಕೂಲಿಯವ್ರ ಸಾಲುಮನೆ) ಮಕ್ಕಳಿಗೆ ಸಂಜೆ ಪಾಠ ಹೇಳ್ಕೊಡೋ ಚಿಕ್ಕ ಟ್ರಸ್ಟ್ ಇವ್ರದ್ದು, ಬ್ಯಾಗು ನೋಟ್‌ಬುಕ್ಕಿಗೆ ಕಂಪನಿ ದುಡ್ಡು ಬರುತ್ತೆ, ಆದ್ರೆ ಲೆಕ್ಕ ಬರೆಯೋ ಹುಡುಗಿಗೆ ಸಂಬಳ ಕೇಳಿದ್ರೆ "ಅದು ಓವರ್‌ಹೆಡ್ (ಆಡಳಿತ ಖರ್ಚು), ಶೇ 5ರ ಮೇಲೆ ಆಗಲ್ಲ" ಅಂತಾರೆ, ಈಗ ಒಬ್ಬ ದಾನಿ ಅಕ್ಕಪಕ್ಕದ ಇನ್ನೆರಡು ಸಂಸ್ಥೆ ಜೊತೆ ಸೇರಿ ಒಕ್ಕೂಟ ಮಾಡ್ಕೊಂಡು ಬನ್ನಿ, ಆಮೇಲೆ ನೋಡೋಣ ಅಂದಿದಾರಂತೆ. ಸೇರೋದಾ ಬೇಡ್ವಾ ಅನ್ನೋದು ಪ್ರಶ್ನೆ.

ಮೊದ್ಲು ಆ ಶೇ 5. ಸಿಎಸ್‌ಆರ್, ಅಂದ್ರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕಾನೂನಿನ ಪ್ರಕಾರ ಕೊಡೋ ದುಡ್ಡು, ಅದ್ರ ನಿಯಮದಲ್ಲಿ ಆ ಮಿತಿ ಇರೋದು ಕಂಪನಿ ತನ್ನದೇ ಸಿಎಸ್‌ಆರ್ ಆಡಳಿತಕ್ಕೆ ಮಾಡ್ಕೊಳ್ಳೋ ಖರ್ಚಿಗೆ. ಒಂದು ಯೋಜನೆ ರೂಪಿಸೋಕೆ, ನಡೆಸೋಕೆ, ನಿಗಾ ಇಡೋಕೆ ನೇರವಾಗಿ ಆಗೋ ಖರ್ಚು ಅದ್ರಲ್ಲಿ ಸೇರಲ್ಲ. ಪಾಠದ ಯೋಜನೆಯ ಲೆಕ್ಕ ಇಡೋದೂ ಆ ಯೋಜನೆಯ ಕೆಲಸವೇ, ಬಜೆಟ್‌ನಲ್ಲಿ ಹಾಗೇ ತೋರಿಸಿ, ಮುಚ್ಚಿಡಬೇಡಿ.

ನಂಗೆ ಸಿಟ್ಟು ಬರೋದು ಇನ್ನೊಂದಕ್ಕೆ. 2014ರ ನಿಯಮದಲ್ಲಿ, ಕೆಲಸ ಮಾಡೋ ಸಂಸ್ಥೆಗಳ ಸಾಮರ್ಥ್ಯ ಬೆಳೆಸೋಕೂ ಕಂಪನಿ ಖರ್ಚು ಮಾಡ್ಬಹುದು ಅಂತ ಮಿತಿ ಹಾಕಿ ಒಂದು ಸಾಲು ಇತ್ತು, 2021ರ ತಿದ್ದುಪಡಿಲಿ ಅದು ಹೋಯ್ತು. ಅದೇ ವರ್ಷ ಏಪ್ರಿಲ್ 1ರಿಂದ ಈ ದುಡ್ಡು ತಗೊಳ್ಳೋ ಸಂಸ್ಥೆಗಳಿಗೆ ಸಿಎಸ್‌ಆರ್-1 ಅನ್ನೋ ನೋಂದಣಿ ಕಡ್ಡಾಯ ಆಯ್ತು, ಅದಕ್ಕೆ ಆದಾಯ ತೆರಿಗೆಯ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ರಿಯಾಯ್ತಿ) ನೋಂದಣಿ ಬೇಕಾಯ್ತು, ನಿಮ್ಮಂಥ ಟ್ರಸ್ಟಿಗೆ 3 ವರ್ಷ ಕೆಲಸ ಮಾಡಿದ ದಾಖಲೆ ಬೇಕು. ಕಾಗದ ಕೇಳೋದು ಜಾಸ್ತಿ ಆಯ್ತು, ಕಾಗದ ನೋಡ್ಕೊಳ್ಳೋ ಮನುಷ್ಯರಿಗೆ ದುಡ್ಡು ಮಾತ್ರ ಯಾರೂ ಕೊಡಲ್ಲ. ಬೆಂಗಳೂರಿಗೆ ಕರೆಸಿ ಹೋಟೆಲ್ಲಲ್ಲಿ ಪಿಪಿಟಿ ತೋರಿಸಿ ಸರ್ಟಿಫಿಕೇಟ್ ಕೊಟ್ರೆ ಸಾಮರ್ಥ್ಯ ಬೆಳೆಯಲ್ಲ ಅಕ್ಕ. ಲೆಕ್ಕ ಗೊತ್ತಿರೋರು ಒಬ್ರು ನಿಮ್ಮೂರಿಗೇ ಬಂದು, ನಿಮ್ಮ ವೋಚರ್ ಫೈಲ್ ಬಿಚ್ಚಿ, ಆ ಹುಡುಗಿ ಪಕ್ಕ ಕೂತು ಆಡಿಟ್ ಮುಗಿಯೋವರೆಗೂ ಜೊತೆಗಿದ್ರೆ ಬೆಳೆಯುತ್ತೆ.

ಇನ್ನು ಒಕ್ಕೂಟ. ನನ್ನ ಮಾತು ಕೇಳೋದಾದ್ರೆ ಈಗ್ಲೇ ಬೇಡ. 2018ರ ಆಗಸ್ಟಲ್ಲಿ ಗುಡ್ಡ ಜರಿದಾಗ ಇಲ್ಲಿ ಸಂಘಗಳು ಸೇರಿ ಓಡಾಡಿದ್ದು ಯಾರೋ ಹೇಳಿದ್ರು ಅಂತಲ್ಲ, ಒಬ್ಬರಿಗೆ ದಾರಿ ಗೊತ್ತಿತ್ತು, ಇನ್ನೊಬ್ಬರ ಹತ್ರ ಜೀಪಿತ್ತು, ಮತ್ತೊಬ್ಬರಿಗೆ ಆ ಲೈನ್‌ಮನೆ ಜನ ಗೊತ್ತಿದ್ರು, ಹಂಗಾಗಿ ಸೇರಿದ್ರು. ದುಡ್ಡಿಗೋಸ್ಕರ ಹುಟ್ಟಿದ ಒಕ್ಕೂಟದಲ್ಲಿ ಅಧ್ಯಕ್ಷರು ಯಾರು, ಖಾತೆಗೆ ಸಹಿ ಯಾರದ್ದು ಅನ್ನೋದ್ರಲ್ಲೇ ಸ್ನೇಹ ಮುಗಿದು ಹೋಗುತ್ತೆ. ವಿದೇಶಿ ದೇಣಿಗೆ ತಗೊಂಡು ಹಂಚ್ಕೋಬಹುದು ಅಂತ ಯಾರಾದ್ರೂ ಆಸೆ ತೋರಿಸಿದ್ರೂ ನಂಬ್ಬೇಡಿ, 2020ರಲ್ಲಿ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ತಿದ್ದುಪಡಿ ಆದ್ಮೇಲೆ ಬಂದ ವಿದೇಶಿ ದುಡ್ಡನ್ನ ಇನ್ನೊಂದು ಸಂಸ್ಥೆಗೆ ದಾಟಿಸೋ ಹಾಗೇ ಇಲ್ಲ.

ಅದ್ರ ಬದ್ಲು ಮೂರೂ ಸಂಸ್ಥೆ ಸೇರಿ ಒಬ್ಬ ಅಕೌಂಟೆಂಟ್ ಇಟ್ಕೊಳ್ಳಿ. ಗದ್ದೆ ಕೆಲಸಕ್ಕೆ ಮುಯ್ಯಾಳು ಹೋಗೋ ಥರಾನೇ, ಇವತ್ತು ನಿಮ್ಮಲ್ಲಿ ನಾಳೆ ಅವ್ರಲ್ಲಿ. ಸಂಬಳ ಯಾರ ಖಾತೆಯಿಂದ, ಯಾರ ಪಾಲೆಷ್ಟು, ಬಿಟ್ಟು ಹೋಗೋದಾದ್ರೆ ಎಷ್ಟು ದಿನ ಮುಂಚೆ ಹೇಳ್ಬೇಕು, ಇಷ್ಟನ್ನ ಕನ್ನಡದಲ್ಲೇ ಬರೆದು ಮೂವರೂ ಸಹಿ ಹಾಕಿ. ಅದು ಒಂದು ಆಡಿಟ್ ದಾಟಿ ನಿಂತ್ರೆ ಒಕ್ಕೂಟದ ಮಾತು ತಾನಾಗೇ ಬರ್ಲಿ, ಬರದಿದ್ರೂ ನಷ್ಟ ಇಲ್ಲ.

ದಾನಿಗೆ ಕೇಳೋದನ್ನೂ ನೇರವಾಗಿ ಕೇಳಿ. ಆ ಅಕೌಂಟೆಂಟ್ ಸಂಬಳ 3 ವರ್ಷಕ್ಕೆ ಬೇಕು, ವರ್ಷ ವರ್ಷ ಮತ್ತೆ ಅರ್ಜಿ ಹಾಕೋ ಹಾಗಿರಬಾರದು. ಸಿಎಸ್‌ಆರ್‌ನಲ್ಲಿ ಶುರುವಾದ ವರ್ಷ ಬಿಟ್ಟು ಇನ್ನೂ 3 ವರ್ಷ ನಡೆಯೋ ಯೋಜನೆಗೆ ಅವಕಾಶ ಇದೆ, ಕಂಪನಿಯವ್ರಿಗೆ ಇದು ಗೊತ್ತಿರುತ್ತೆ. ಮೂರು ಸಂಸ್ಥೆ ಗೋಣಿಕೊಪ್ಪದಲ್ಲಿ ಸೇರೋಕೆ ಬಸ್ ಚಾರ್ಜು ಬೇಕು, ಸಭೆಗೆ ಬರೋ ಯರವ, ಜೇನುಕುರುಬ ಬುಡಕಟ್ಟಿನ ಹೆಣ್ಮಕ್ಕಳಿಗೆ ಆ ದಿನದ ಕೂಲಿ ಬೇಕು, ಕೂಲಿ ಕಳ್ಕೊಂಡು ಯಾರೂ ಸಭೆಗೆ ಬರಲ್ಲ, ಬರಬೇಕು ಅನ್ನೋದೂ ನ್ಯಾಯ ಅಲ್ಲ. ಡಿಸೆಂಬರಿಂದ ಕಾಫಿ ಕುಯ್ಲು, ಆಗ ತರಬೇತಿ ಇಡಬೇಡಿ ಅಂತಾನೂ ಬರೀರಿ.

ಪತ್ರ ಮೂರೂ ಸಂಸ್ಥೆ ಹೆಸರಲ್ಲಿ ಹೋಗ್ಲಿ. ಕಳಿಸೋ ಮುಂಚೆ ನಂಗೊಂದು ಪ್ರತಿ ಹಾಕಿ, ಬಜೆಟ್ ಪುಟ ಕೂತು ನೋಡೋಣ.

ಸಂಪಾದಕ