ಬೋನಿನ ಮಂಗಗಳನ್ನು ಓದಿಕೊಂಡು ಬದುಕು ಕಟ್ಟಿಕೊಳ್ಳಬಹುದೇ?

ಹಾವೇರಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೀರಿ. ಝೂನಲ್ಲಿರುವ ಮಂಗಗಳ ವರ್ತನೆ, ಬುದ್ಧಿ, ಕ್ಷೇಮದ ಮೇಲೆ ಸಂಶೋಧನೆ ಮಾಡುವ ಆಸೆ. ಮನೆಯಲ್ಲಿ ಮಾತ್ರ "ಮಂಗ್ಯಾನ್ನ ನೋಡ್ಕೋತ ಕುಂತ್ರ ಹೊಟ್ಟಿ ತುಂಬತೈತೇನು?" ಅಂತ ಕೇಳ್ತಾರೆ ಎಂದು ಬರೆದಿದ್ದೀರಿ. ಧಾರವಾಡದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನಮ್ಮವ್ವನೂ ಇದೇ ಮಾತು ಕೇಳಿದ್ದಳು. ಹೊಟ್ಟೆ ತುಂಬುತ್ತದೆ, ಆದರೆ ತಡವಾಗಿ. ಅದಕ್ಕೂ ಮುಂಚೆ ಕೆಲಸ ಎಂಥದ್ದು ಅನ್ನುವುದು ನಿಮಗೆ ಗೊತ್ತಾಗಬೇಕು.

ಪಿಎಚ್.ಡಿ.ಯ ಮೊದಲ ವರ್ಷ ನನ್ನ ಪಾಲಿಗೆ ಬಂದದ್ದು ಮಂಗನಾಟದವರಿಂದ ಬಿಡಿಸಿ ತಂದ ಒಂದು ಹೆಣ್ಣು ಮಂಗ. ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಕೂದಲಿರುತ್ತದಲ್ಲ, ನಮ್ಮೂರ ಅದೇ ಜಾತಿ. ಹಗ್ಗ ಉಜ್ಜಿ ಉಜ್ಜಿ ಕುತ್ತಿಗೆಯ ಸುತ್ತ ಕೂದಲು ಹೋಗಿತ್ತು. ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತು ಹಿಂದೆ ಮುಂದೆ ತೂಗುತ್ತಿತ್ತು. ನೋಡಲು ಬಂದವರು "ಹೆಂಗ ಕುಣಿಯಾಕ್ಹತ್ತೇತಿ ನೋಡು" ಎಂದು ಮಕ್ಕಳಿಗೆ ತೋರಿಸುತ್ತಿದ್ದರು. ಅದು ಕುಣಿತ ಅಲ್ಲ. ಎಳೆಯದರಲ್ಲೇ ತಾಯಿಯಿಂದ ಅಗಲಿದ ಮಂಗಗಳಿಗೆ ಅಂಟಿಕೊಳ್ಳುವ ತೂಗಾಟ. ಅಮೆರಿಕದ ಮನಃಶಾಸ್ತ್ರಜ್ಞ ಹ್ಯಾರಿ ಹಾರ್ಲೋ 1950-60ರ ದಶಕಗಳಲ್ಲಿ ಮಂಗನ ಮರಿಗಳನ್ನು ಒಂಟಿಯಾಗಿಟ್ಟಾಗ ಕಂಡದ್ದೂ ಇದನ್ನೇ. ಆ ಪ್ರಯೋಗಗಳನ್ನು ಓದುವಾಗ ನನಗೆ ಈಗಲೂ ಸಂಕಟವಾಗುತ್ತದೆ, ಆದರೂ ಓದದೆ ಬಿಡುವ ಹಾಗಿಲ್ಲ.

ನನ್ನ ಕೆಲಸ ಇಷ್ಟೇ: ಎರಡು ನಿಮಿಷಕ್ಕೊಮ್ಮೆ ಗಡಿಯಾರ ನೋಡಿ, ಆ ಗಳಿಗೆಯಲ್ಲಿ ಅದು ಏನು ಮಾಡುತ್ತಿದೆ ಎಂದು ಹಾಳೆಯಲ್ಲಿ ಗುರುತು ಹಾಕುವುದು. ವಾರಗಟ್ಟಲೆ ತೂಗಾಟದ ಕಾಲಂ ಒಂದೇ ತುಂಬುತ್ತ ಹೋಯಿತು. ಆಮೇಲೆ ಬಿದಿರಿನ ತುಂಡಿಗೆ ತೂತು ಕೊರೆದು, ಒಳಗೆ ಶೇಂಗಾ ಹಾಕಿ ತೂಗುಬಿಟ್ಟೆವು. ಮೊದಲ ದಿನ ಒಮ್ಮೆ ಅಲುಗಾಡಿಸಿ ಬಿಟ್ಟಿತು. ಮೂರನೆಯ ದಿನ ಎರಡೂ ಕೈಯಿಂದ ಬಿದಿರು ಹೊರಳಿಸಿ, ತೂತನ್ನು ಕೆಳಮುಖ ಮಾಡಿಕೊಂಡು, ಒಂದೇ ಬೆರಳಿನಿಂದ ಕಾಳು ಕೆದಕಿ ಕೆದಕಿ ತೆಗೆಯಿತು. ಗಲ್ಲದ ಚೀಲ ಉಬ್ಬಿತ್ತು. ಆ ಹೊತ್ತಿನಷ್ಟೂ ತೂಗಾಟದ ಕಾಲಂ ಖಾಲಿ. ಬಿದಿರು ಬರಿದಾದ ಮೇಲೆ ಮತ್ತೆ ಶುರು. ಮುಂದೆ ಒಂದು ಮುದಿ ಹೆಣ್ಣು ಮಂಗವನ್ನು ಜೊತೆ ಬಿಟ್ಟರು. ಅದು ಇದರ ಕೂದಲು ಬಿಡಿಸಿ ಹೆಕ್ಕುತ್ತ ಕೂರಲು ಶುರುಮಾಡಿದ ಮೇಲೆ ತೂಗಾಟ ಬಹಳ ಇಳಿಯಿತು. ಪೂರ್ತಿ ಹೋಗಲಿಲ್ಲ, ಎಂದೂ ಹೋಗಲಿಲ್ಲ. ಬುದ್ಧಿಯ ಅಧ್ಯಯನ ಬೇರೆ, ಕ್ಷೇಮದ ಅಧ್ಯಯನ ಬೇರೆ ಎಂದು ಯಾರಾದರೂ ಹೇಳಿದರೆ ನನಗೆ ಆ ಬಿದಿರು ನೆನಪಾಗುತ್ತದೆ.

ಕಾಡಿನ ಅಧ್ಯಯನ ಬಿಟ್ಟು ಬೋನಿನದ್ದೊಂದೇ ಸಾಕು ಅಂದುಕೊಳ್ಳಬೇಡಿ. ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮಾ 1960ರ ದಶಕದ ಆರಂಭದಲ್ಲಿ ನಮ್ಮ ಧಾರವಾಡದ ಸುತ್ತಿನ ಕಾಡಿಗೇ ಬಂದು, ನಾವು ದಿನಾ ಮಾಳಿಗೆ ಮೇಲಿಂದ ಓಡಿಸುವ ಕರೇ ಮಾರಿಯ ಮುಸ್ಯಾಗಳನ್ನು (ಲಂಗೂರ್) ನೋಡಿದರು. ಹೊರಗಿನ ಗಂಡು ಬಂದು ಗುಂಪನ್ನು ವಶಮಾಡಿಕೊಂಡಾಗ ಹಳೆಯ ಗಂಡಿನ ಮರಿಗಳನ್ನು ಕೊಲ್ಲುವುದನ್ನು ಅವರು 1965ರಲ್ಲಿ ಪ್ರಕಟಿಸಿದರು. ಅಂತಹ ವರ್ತನೆ ಯಾಕೆ ಎನ್ನುವ ಜಗಳ ವಿಜ್ಞಾನಿಗಳಲ್ಲಿ ದಶಕಗಟ್ಟಲೆ ನಡೆಯಿತು. ಒಂದು ಝೂನಲ್ಲಿ ಎಳೆ ಮರಿಯಿದ್ದ ಮುಸ್ಯಾ ಗುಂಪಿಗೆ ಹೊಸ ಗಂಡು ಬಿಡಲು ಹೊರಟಿದ್ದಾಗ ನಾನು ಹೇಳಿದ್ದು ಈ ಧಾರವಾಡದ ಕಥೆಯನ್ನೇ. ನಡುವೆ ತಂತಿ ಜಾಲರಿ ಹಾಕಿ, ಮರಿ ದೊಡ್ಡದಾಗುವವರೆಗೆ ಕಾದರು. ಮರಿ ಉಳಿಯಿತು.

ಇನ್ನು ದಾರಿಯ ಮಾತು. ಪ್ರಾಣಿಶಾಸ್ತ್ರವೊಂದೇ ಬಾಗಿಲಲ್ಲ, ಮನಃಶಾಸ್ತ್ರದಿಂದಲೂ ಪಶುವೈದ್ಯಕೀಯದಿಂದಲೂ ಈ ಕಡೆ ಬಂದವರಿದ್ದಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರೊ. ಮೇವಾ ಸಿಂಗ್ ಸಿಂಗಳೀಕಗಳ ಮೇಲೆ ಅಷ್ಟು ಕೆಲಸ ಮಾಡಿದ್ದು ಮನಃಶಾಸ್ತ್ರ ವಿಭಾಗದಲ್ಲಿದ್ದುಕೊಂಡೇ. ಎಂ.ಎಸ್ಸಿ. ಮುಗಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ (2023ರಿಂದ ಈ ಮೊತ್ತ). ಅದನ್ನು ಮನೆಯಲ್ಲಿ ಹೇಳಿ, ಅರ್ಧ ಜಗಳ ಮುಗಿಯುತ್ತದೆ. ಪಿಎಚ್.ಡಿ. ಆದಮೇಲಿನ ಕೆಲವು ವರ್ಷಗಳು ಕಷ್ಟ: ಪ್ರಾಜೆಕ್ಟ್ ಇರುವಷ್ಟು ದಿನ ಸಂಬಳ, ಮುಗಿದ ಮೇಲೆ ಮತ್ತೆ ಅರ್ಜಿ. ನನಗೆ ಕಾಯಂ ನೌಕರಿ ಸಿಕ್ಕಾಗ ಜೊತೆಯವರ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಇದನ್ನು ಮುಚ್ಚಿಟ್ಟು ನಿಮ್ಮನ್ನು ಕರೆಯಲಾರೆ.

ಝೂನಲ್ಲಿ ಸಂಶೋಧನೆಗೆ ಮೇಲಿನವರ ಲಿಖಿತ ಅನುಮತಿ ಬೇಕು. ಅದು ಬರುವವರೆಗೆ ಗದಗದ ಹತ್ತಿರದ ಬಿಂಕದಕಟ್ಟಿ ಝೂಗೆ ಟಿಕೆಟ್ ತೆಗೆಸಿಕೊಂಡು ಹೋಗಿ, ಯಾವುದಾದರೂ ಒಂದೇ ಪ್ರಾಣಿಯ ಮುಂದೆ ಇಡೀ ಮುಂಜಾನೆ ನಿಲ್ಲಿ. ಸಿಕ್ಕರೆ ಪ್ರಾಣಿಪಾಲಕರನ್ನು ಮಾತಾಡಿಸಿ; ಯಾವುದು ಊಟ ಬಿಟ್ಟಿದೆ, ಯಾವುದು ಯಾರಿಗೆ ಹೆದರುತ್ತದೆ ಅನ್ನುವುದು ನಮ್ಮ ಹಾಳೆಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ನೆಗಡಿ ಕೆಮ್ಮು ಇದ್ದ ದಿನ ಮಂಗಗಳ ಹತ್ತಿರ ಸುಳಿಯಬೇಡಿ, ನಮ್ಮ ರೋಗ ಅವಕ್ಕೂ ಹತ್ತುತ್ತದೆ.

ಅಮೆರಿಕದ ವಿಜ್ಞಾನಿ ಜೀನ್ ಆಲ್ಟ್‌ಮನ್ 1974ರಲ್ಲಿ ಬರೆದ, ವರ್ತನೆಯನ್ನು ದಾಖಲಿಸುವ ವಿಧಾನಗಳ ಲೇಖನ ಹುಡುಕಿ ಓದಿ. ಓದಿದ ಮೇಲೆ ನಿಮ್ಮ ಓಣಿಯ ಹುಣಸೆ ಮರಕ್ಕೆ ಬರುವ ಮುಸ್ಯಾಗಳಲ್ಲಿ ಒಂದನ್ನು ಗುರುತಿಟ್ಟುಕೊಂಡು, ಮೂವತ್ತು ಮುಂಜಾನೆ ಗುರುತು ಹಾಕಿ. ಹಾಳೆಗಳನ್ನು ಇಲ್ಲಿ ಹಾಕಿದರೆ ಕೂತು ನೋಡುತ್ತೇನೆ.