ಡ್ಯಾನಿನ್ಸ್ಕಿ ಸರಣಿ: ಸತ್ತವನು ಮತ್ತೆ ಬರೋದು ಹೇಗೆ, ಯಾವುದನ್ನು ಮೊದಲು ನೋಡೋದು?

ಸ್ಪೇನ್‌ನ ಹಾರರ್ ಸಿನಿಮಾಗಳ ತೋಳಮಾನವ ಡ್ಯಾನಿನ್ಸ್ಕಿ ಒಂದು ಸಿನಿಮಾದಲ್ಲಿ ಸತ್ತು ಇನ್ನೊಂದರಲ್ಲಿ ಹೊಸ ಶಾಪದ ಜೊತೆ ಬರೋದಕ್ಕೆ ಕಾರಣ ನೀವು ನಡುವಿನ ಭಾಗ ನೋಡದೆ ಬಿಟ್ಟಿದ್ದಲ್ಲ. ಆ ಪಾತ್ರ ಮಾಡಿ ಕಥೆಯನ್ನೂ ಬರೆದ ನಟ ಪಾಲ್ ನಾಶಿ ಹೆಚ್ಚಿನ ಸಲ ಕಥೆಯನ್ನು ಹೊಸದಾಗಿಯೇ ಶುರು ಮಾಡಿದರು.

ಮೊದಲು 1968ರ 'ಲಾ ಮಾರ್ಕಾ ದೆಲ್ ಓಂಬ್ರೆ ಲೋಬೊ' ನೋಡಿ. 'ಫ್ರಾಂಕೆನ್‌ಸ್ಟೈನ್ಸ್ ಬ್ಲಡಿ ಟೆರರ್' ಅಂತ ಸಿಕ್ಕರೂ ಅದೇ ಸಿನಿಮಾ. ಅಮೆರಿಕದಲ್ಲಿ ಹಂಚಿದವರು ಇಟ್ಟ ಹೆಸರು ಅದು, ಒಳಗೆ ಫ್ರಾಂಕೆನ್‌ಸ್ಟೈನ್‌ನ ರಾಕ್ಷಸ ಇಲ್ಲವೇ ಇಲ್ಲ. ನಿಮ್ಮದು ಕತ್ತರಿ ಹಾಕಿದ ಪ್ರಿಂಟ್ ಕೂಡ ಆಗಿರಬಹುದು, ಅವಧಿ ಒಮ್ಮೆ ನೋಡಿಕೊಳ್ಳಿ.

ಆಮೇಲೆ 1971ರ 'ಲಾ ನೋಚೆ ದೆ ವಾಲ್ಪುರ್ಗಿಸ್'. ಡ್ಯಾನಿನ್ಸ್ಕಿಯ ಹೆಣದಿಂದ ಅವನನ್ನು ಕೊಂದ ಬೆಳ್ಳಿ ಗುಂಡು ತೆಗೆದ ಕೂಡಲೇ ಅವನು ಏಳುತ್ತಾನೆ. ನನಗೆ ಇದೇ ಜಾಸ್ತಿ ಇಷ್ಟ. 1973ರ 'ಎಲ್ ರೆತೋರ್ನೊ ದೆ ವಾಲ್ಪುರ್ಗಿಸ್' ಅದರ ಮುಂದುವರಿಕೆ ಅಲ್ಲ, ಶಾಪದ ಮೂಲವೇ ಬೇರೆ. ಅದನ್ನು ಯಾವಾಗ ಬೇಕಾದರೂ ನೋಡಬಹುದು.